ಆರ್‌ಸಿ ಕ್ಯಾಟಮರಾನ್ ಹಲ್: ಆರಿಸುವುದು ಹೇಗೆ, ಗಟ್ಟಿ ಮಾಡುವುದು ಹೇಗೆ

ಹೊಸದಾಗಿ ಆರ್‌ಸಿ ಕ್ಯಾಟಮರಾನ್, ಅಂದರೆ ರೇಡಿಯೋ ರಿಮೋಟ್‌ನಿಂದ ಓಡಿಸುವ ಎರಡು ಒಡಲಿನ ಮಾದರಿ ದೋಣಿ, ಕಟ್ಟಿದವರ ದೂರುಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಫುಲ್ ಥ್ರಾಟಲ್ ಕೊಟ್ಟರೆ ದೋಣಿ ಒಂದೇ ಕಡೆಗೆ ಎಳೆಯುತ್ತದೆ. ಡೆಕ್ (ದೋಣಿಯ ಮೇಲ್ಭಾಗ) ಮತ್ತು ತಳ ಸೇರುವ ಜಾಗದಲ್ಲಿ ಬಿರುಕು ಬರುತ್ತದೆ. ನಾಲ್ಕು ಸಲ ನೀರಿಗಿಳಿಸುವಷ್ಟರಲ್ಲಿ ಹಿಂಬದಿಯ ಬೋಲ್ಟುಗಳು ಸಡಿಲವಾಗುತ್ತವೆ. ಗಟ್ಟಿ ಮಾಡಲು ಒಳಗೆ ಹಾಸುವ ಕಾರ್ಬನ್ ನಾರಿನ ಬಟ್ಟೆಗೆ ಸಾಕಷ್ಟು ದುಡ್ಡು ಸುರಿದವರೂ ಇದನ್ನೇ ಹೇಳುತ್ತಾರೆ.

ಬಹಳಷ್ಟು ಸಲ ಇದಕ್ಕೆ ಕಾರಣ ಕೆಲಸದ ಕ್ರಮ. ಹಲ್ ಅಂದರೆ ದೋಣಿಯ ಪೊಳ್ಳು ಒಡಲು. ಅದು ಸೊಟ್ಟಗಿರುವಾಗಲೇ ಒಳಗೆ ಬಟ್ಟೆ ಹಾಸಿದರೆ ಆ ಸೊಟ್ಟವೇ ಖಾಯಂ ಆಗುತ್ತದೆ. ಮೊದಲು ನೇರ ಮಾಡಬೇಕು, ಆಮೇಲೆ ಗಟ್ಟಿ ಮಾಡಬೇಕು, ತೂತು ಕೊರೆಯುವುದು ಕೊನೆಗೆ. ಇಲ್ಲಿ ಹೇಳುವುದೆಲ್ಲ ಸುಮಾರು 90ರಿಂದ 100 ಸೆಂ.ಮೀ ಉದ್ದದ, ಬ್ಯಾಟರಿಯಿಂದ ಓಡುವ ಫೈಬರ್‌ಗ್ಲಾಸ್ ಹಲ್ ಬಗ್ಗೆ. ಪೆಟ್ರೋಲ್ ಎಂಜಿನ್ನಿನ ದೊಡ್ಡ ಹಲ್‌ಗೂ ಕ್ರಮ ಇದೇ, ಬಟ್ಟೆಯ ಪದರ ಮಾತ್ರ ಜಾಸ್ತಿ.

## ಹಂತ 1: ಹಲ್ ಆರಿಸುವುದು

ಮೊದಲು ಉದ್ದ. 70 ಸೆಂ.ಮೀ ಒಳಗಿನ ಹಲ್ 3ಎಸ್, 4ಎಸ್ (ಮೂರು, ನಾಲ್ಕು ಸೆಲ್ ಸಾಲಾಗಿ ಜೋಡಿಸಿದ) ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಗೆ ಸರಿ. 6ಎಸ್ ಹಾಕುವ ಆಸೆ ಇದ್ದರೆ 90 ಸೆಂ.ಮೀಗಿಂತ ಕಡಿಮೆ ಬೇಡ. 26 ಸಿಸಿ ಪೆಟ್ರೋಲ್ ಎಂಜಿನ್ ಕೂರಿಸುವವರು 120 ಸೆಂ.ಮೀ ಮೇಲಿನದ್ದನ್ನೇ ನೋಡಿ. ಕೆರೆಯಲ್ಲಿ ಗಾಳಿ ಜಾಸ್ತಿ, ಅಲೆ ಜಾಸ್ತಿ ಅಂದರೆ ಒಂದು ಅಳತೆ ದೊಡ್ಡದು ತಗೊಳ್ಳಿ. ಚಿಕ್ಕ ಕ್ಯಾಟಮರಾನ್‌ನ ಟನಲ್ ಒಳಗೆ, ಅಂದರೆ ಎರಡು ಸ್ಪಾನ್ಸನ್‌ಗಳ (ನೀರಿಗೆ ತಾಗುವ ಎರಡು ಪಕ್ಕದ ಒಡಲುಗಳ) ನಡುವಿನ ಪೊಳ್ಳಿನಲ್ಲಿ, ಗಾಳಿ ತುಂಬಿಕೊಂಡರೆ ಅದು ಹಿಂದಕ್ಕೆ ಪಲ್ಟಿ ಹೊಡೆಯುವುದಕ್ಕೆ ಹೆಚ್ಚು ಹೊತ್ತು ಬೇಡ.

ಆಮೇಲೆ ವಸ್ತು. ಎಬಿಎಸ್ ಪ್ಲಾಸ್ಟಿಕ್ ಹಲ್ ಅಗ್ಗ, ಪೆಟ್ಟು ತಡೆಯುತ್ತದೆ. ಆದರೆ ಬಿಸಿಲಿಗೆ ಮೆತ್ತಗಾಗುತ್ತದೆ, ಎಪಾಕ್ಸಿ (ಹಾರ್ಡ್‌ನರ್ ಬೆರೆಸಿದಾಗ ಗಟ್ಟಿಯಾಗುವ ರೆಸಿನ್, ಅಂದರೆ ಅಂಟುದ್ರವ) ಅದಕ್ಕೆ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ. ಒಳಗೆ ಬಟ್ಟೆ ಹಾಸಿ ಗಟ್ಟಿ ಮಾಡುವ ಯೋಚನೆ ಇದ್ದರೆ ಎಬಿಎಸ್ ಬಿಟ್ಟುಬಿಡಿ. ಫೈಬರ್‌ಗ್ಲಾಸ್‌ನಲ್ಲಿ ಎರಡು ಜಾತಿ: ಪಾಲಿಯೆಸ್ಟರ್ ರೆಸಿನ್‌ನಲ್ಲಿ ಮಾಡಿದ್ದು, ಎಪಾಕ್ಸಿಯಲ್ಲಿ ಮಾಡಿದ್ದು. ಮಾರುವವರನ್ನು ಕೇಳಿಕೊಳ್ಳಿ. ಒಣಗಿದ ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಚೆನ್ನಾಗಿ ಹಿಡಿಯುತ್ತದೆ. ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ನೆಚ್ಚಿಕೊಳ್ಳುವಷ್ಟು ಹಿಡಿಯುವುದಿಲ್ಲ. ಆದ್ದರಿಂದ ಹಲ್ ಯಾವುದೇ ಇರಲಿ, ಒಳಗಿನ ಕೆಲಸಕ್ಕೆ ಎಪಾಕ್ಸಿಯನ್ನೇ ಬಳಸಿ.

ಹಲ್ ಕೈಗೆ ಬಂದ ಕೂಡಲೇ ನಾಲ್ಕು ಪರೀಕ್ಷೆ ಮಾಡಿ.

1. ಕತ್ತಲೆ ಕೋಣೆಯಲ್ಲಿ ಒಳಗೆ ಟಾರ್ಚ್ ಇಟ್ಟು ಹೊರಗಿನಿಂದ ನೋಡಿ. ತಿಳಿ ಬಣ್ಣದ ಹಲ್ ಆದರೆ ತೆಳುವಾದ ಜಾಗ ಮತ್ತು ಗಾಳಿಗುಳ್ಳೆ ಬೆಳಗಿ ಕಾಣುತ್ತವೆ. ಇದು ಸ್ಪಾನ್ಸನ್ ತಳದಲ್ಲಿದ್ದರೆ ಆ ಹಲ್ ವಾಪಸ್ ಕೊಡಿ. ಡೆಕ್‌ನಲ್ಲಿದ್ದರೆ ನಡೆಯುತ್ತದೆ.

2. ಉಗುರಿನಿಂದ ತಟ್ಟುತ್ತಾ ಹೋಗಿ. ಟಕ್ ಟಕ್ ಅನ್ನುವ ಸದ್ದು ಒಂದು ಕಡೆ ಮಂಕಾದರೆ ಅಲ್ಲಿ ಪದರ ಬಿಟ್ಟಿದೆ ಅಂತ ಅರ್ಥ.

3. ಹಿಂಬದಿಯನ್ನು ಒಂದು ಕೈಲಿ, ಮೂತಿಯನ್ನು ಇನ್ನೊಂದು ಕೈಲಿ ಹಿಡಿದು ಮೆಲ್ಲಗೆ ತಿರುಚಿ. ಸ್ವಲ್ಪ ಬಾಗುವುದು ಸಹಜ. ಕಿರ್ ಅಂದರೆ ಡೆಕ್ ಮತ್ತು ತಳದ ಜೋಡು ಸರಿಯಾಗಿ ಅಂಟಿಲ್ಲ.

4. ಹ್ಯಾಚ್ (ಡೆಕ್ ಮೇಲಿನ ತೆರೆಯುವ ಬಾಯಿ) ಒಳಗೆ ಕೈ ಹಾಕಿ. ಬೆರಳು ಸ್ಪಾನ್ಸನ್ ತಳ ಮುಟ್ಟಬೇಕು. ಕೈ ಹೋಗದ ಜಾಗಕ್ಕೆ ಬಟ್ಟೆ ಹಾಸುವುದು ಹೇಗೆ ಹೇಳಿ? ಇದೊಂದನ್ನು ನೋಡದೆ ಕೊಂಡು ಎಷ್ಟೋ ಜನ ಪರದಾಡುತ್ತಾರೆ. ಎರಡು ಹಲ್‌ಗಳ ನಡುವೆ ಗೊಂದಲ ಇದ್ದರೆ ಹ್ಯಾಚ್ ದೊಡ್ಡದಿರುವುದನ್ನೇ ತಗೊಳ್ಳಿ.

ಕೊನೆಗೆ ಖಾಲಿ ಹಲ್ ತೂಗಿ ಬರೆದಿಡಿ. ಮುಂದೆ ಪ್ರತಿ ಹಂತದಲ್ಲೂ ಈ ಅಂಕಿ ಬೇಕಾಗುತ್ತದೆ.

## ಹಂತ 2: ಸಾಮಾನು

ಗ್ರಾಂ ಲೆಕ್ಕದ ಡಿಜಿಟಲ್ ತಕ್ಕಡಿ, 60 ಸೆಂ.ಮೀ ಸ್ಟೀಲ್ ಸ್ಕೇಲು, ಎರಡು ನೇರ ಅಲ್ಯೂಮಿನಿಯಂ ಪಟ್ಟಿ, 80 ಮತ್ತು 120 ನಂಬರಿನ ಎಮರಿ ಪೇಪರ್, ಒಂದು ಇಂಚಿನ ಅಗ್ಗದ ಬ್ರಶ್‌ಗಳು, ಹಳೆಯ ಎಟಿಎಂ ಕಾರ್ಡು, ನೈಟ್ರೈಲ್ ಕೈಗವಸು, ಧೂಳಿಗೆ ಎನ್95 ಮಾಸ್ಕ್, ಒಂದು ಪೂರ್ತಿ ಸಪಾಟಾದ ಹಲಗೆ. ತಕ್ಕಡಿ ಇಲ್ಲದೆ ಶುರು ಮಾಡಲೇಬೇಡಿ.

ರೆಸಿನ್ ವಿಷಯದಲ್ಲಿ ಜಾಸ್ತಿ ಜನ ಎಡವುತ್ತಾರೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಬೇಗ ಒಣಗುವ ಟ್ಯೂಬಿನ ಎಪಾಕ್ಸಿ ಅಂಟು ಬಟ್ಟೆ ನೆನೆಸುವುದಕ್ಕೆ ಬರುವುದಿಲ್ಲ, ಅದು ತೀರಾ ಮಂದ. ನಿಮಗೆ ಬೇಕಾದ್ದು ಲ್ಯಾಮಿನೇಟಿಂಗ್ ಎಪಾಕ್ಸಿ. ನಮ್ಮಲ್ಲಿ ಎಲ್‌ವೈ 556 ರೆಸಿನ್, ಎಚ್‌ವೈ 951 ಹಾರ್ಡ್‌ನರ್ ಜೋಡಿ ಬಹಳ ಬಳಕೆಯಲ್ಲಿದೆ. ಸಾಮಾನ್ಯವಾಗಿ ತೂಕದಲ್ಲಿ 100ಕ್ಕೆ 10 ಹಾಕುತ್ತಾರೆ. ಬೇರೆ ಯಾವುದಾದರೂ ತಂದರೆ ಡಬ್ಬಿ ಮೇಲಿನ ಅನುಪಾತವನ್ನೇ ನಂಬಿ.

ಮಲ್ಪೆ, ಮಂಗಳೂರು ಕಡೆಯವರಿಗೆ ಫೈಬರ್ ದೋಣಿ ರಿಪೇರಿಯ ಸಾಮಾನು ಸುಲಭವಾಗಿ ಸಿಗುತ್ತದೆ. ಆದರೆ ಆ ಕೆಲಸದಲ್ಲಿ ಹೆಚ್ಚಾಗಿ ಬಳಸುವುದು ಪಾಲಿಯೆಸ್ಟರ್ ರೆಸಿನ್ ಮತ್ತು ಚಾಪ್ಡ್ ಸ್ಟ್ರಾಂಡ್ ಮ್ಯಾಟ್ (ತುಂಡು ಗ್ಲಾಸ್ ಎಳೆಗಳ ಚಾಪೆ). ಆ ಮ್ಯಾಟ್‌ನ ಎಳೆಗಳನ್ನು ಹಿಡಿದಿಡುವ ಅಂಟು ಪಾಲಿಯೆಸ್ಟರ್‌ನಲ್ಲಿರುವ ಸ್ಟೈರೀನ್‌ಗೆ ಕರಗುತ್ತದೆ, ಎಪಾಕ್ಸಿಗೆ ಕರಗುವುದಿಲ್ಲ. ಎಪಾಕ್ಸಿ ಹಾಕಿದರೆ ಮ್ಯಾಟ್ ಬಿರುಸಾಗಿಯೇ ಉಳಿಯುತ್ತದೆ, ಮೂಲೆಗೆ ಕೂರುವುದಿಲ್ಲ. ನೇಯ್ದ ಬಟ್ಟೆಯನ್ನೇ ಕೇಳಿ ತನ್ನಿ. ಯಾವುದೋ ಕಾರಣಕ್ಕೆ ಪಾಲಿಯೆಸ್ಟರ್ ಬಳಸಲೇಬೇಕಾಗಿ ಬಂದರೆ ಒಂದು ಎಚ್ಚರಿಕೆ: ಅದನ್ನು ಗಟ್ಟಿ ಮಾಡಲು ಬೆರೆಸುವ ಕೋಬಾಲ್ಟ್ ಆಕ್ಸಿಲರೇಟರ್ ಮತ್ತು ಎಂಇಕೆಪಿ ಕ್ಯಾಟಲಿಸ್ಟ್ ಎರಡನ್ನೂ ನೇರವಾಗಿ ಒಂದಕ್ಕೊಂದು ತಾಗಿಸಬೇಡಿ. ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಒಂದನ್ನು ರೆಸಿನ್‌ನಲ್ಲಿ ಪೂರ್ತಿ ಕಲಸಿದ ಮೇಲೆಯೇ ಇನ್ನೊಂದು.

## ಹಂತ 3: ನೇರ ಇದೆಯಾ ನೋಡುವುದು, ಇಲ್ಲದಿದ್ದರೆ ಮಾಡುವುದು

ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ಹಂತ ಇದು. ಆತುರ ಬೇಡ.

ಹಲ್ ಅನ್ನು ಬೋರಲು ಹಾಕಿ. ಒಂದು ಅಲ್ಯೂಮಿನಿಯಂ ಪಟ್ಟಿಯನ್ನು ಹಿಂಬದಿ ಅಂಚಿನ ಹತ್ತಿರ ಎರಡೂ ಸ್ಪಾನ್ಸನ್ ಮೇಲೆ ಅಡ್ಡಕ್ಕೆ ಇಡಿ. ಇನ್ನೊಂದನ್ನು ಅದರಿಂದ 40 ಸೆಂ.ಮೀ ಮುಂದೆ ಇಡಿ. ಹಿಂದೆ ಕೂತು, ಕಣ್ಣನ್ನು ಪಟ್ಟಿಯ ಮಟ್ಟಕ್ಕೆ ತಂದು ನೋಡಿ. ಎರಡೂ ಪಟ್ಟಿ ಸಮಾನಾಂತರವಾಗಿ ಕಾಣಬೇಕು. ಒಂದರ ತುದಿ ಎದ್ದು ಕಂಡರೆ ಹಲ್ ತಿರುಚಿದೆ. ಒಂದು ಸ್ಪಾನ್ಸನ್ ಇನ್ನೊಂದಕ್ಕಿಂತ ಒಂದೆರಡು ಮಿ.ಮೀ ಕೆಳಗಿದ್ದರೂ ವೇಗದಲ್ಲಿ ಅದರ ಪರಿಣಾಮ ದೊಡ್ಡದು. ಗಂಟೆಗೆ 60 ಕಿ.ಮೀ ಅಂದರೆ ಸೆಕೆಂಡಿಗೆ ಹತ್ತಿರಹತ್ತಿರ 17 ಮೀಟರ್. ಆ ವೇಗದಲ್ಲಿ ನೀರಿಗೆ ತಾಗುವುದು ಸ್ಪಾನ್ಸನ್ನಿನ ಕೊನೆಯ ಸ್ವಲ್ಪ ಭಾಗ ಮಾತ್ರ. ಅಲ್ಲಿನ ವ್ಯತ್ಯಾಸ ನೇರವಾಗಿ ದಿಕ್ಕು ತಪ್ಪಿಸುತ್ತದೆ. ರಡ್ಡರ್ (ಚುಕ್ಕಾಣಿ) ಅನ್ನು ಸ್ವಲ್ಪ ಒಂದು ಕಡೆಗೆ ಟ್ರಿಮ್ ಮಾಡಿ ಅದನ್ನು ಸರಿಪಡಿಸಲು ಹೋದರೆ ವೇಗ ಹೋಗುತ್ತದೆ, ತೊಂದರೆ ಹೋಗುವುದಿಲ್ಲ.

ಈಗ ಸ್ಟೀಲ್ ಸ್ಕೇಲನ್ನು ಪ್ರತಿ ಸ್ಪಾನ್ಸನ್ನಿನ ಹಿಂಭಾಗದ ಕೊನೆಯ 20 ಸೆಂ.ಮೀ ಮೇಲೆ ಉದ್ದಕ್ಕೆ ನಿಲ್ಲಿಸಿ, ಹಿಂದಿನಿಂದ ಬೆಳಕು ಬಿಡಿ. ನಡುವೆ ಬೆಳಕು ತೂರಿದರೆ ತಳ ಒಳಕ್ಕೆ ಬಾಗಿದೆ. ಇಂಥ ದೋಣಿ ಓಡುವಾಗ ಮೂತಿ ಕೆಳಗೆ ಹಾಕುತ್ತದೆ. ಸ್ಕೇಲು ನಡುವಿನ ಮೇಲೆ ಕೂತು ಎರಡೂ ತುದಿ ಅಲ್ಲಾಡಿದರೆ ತಳ ಉಬ್ಬಿದೆ. ಇಂಥದ್ದು ನೀರಿನ ಮೇಲೆ ಕುಪ್ಪಳಿಸುತ್ತಾ ಹೋಗುತ್ತದೆ. ಬೆಳಕು ಕಾಣುವ ಜಾಗಕ್ಕೆ ಎಪಾಕ್ಸಿ ಪುಟ್ಟಿ ಹಚ್ಚಿ, ಉದ್ದನೆಯ ಮರದ ತುಂಡಿಗೆ ಎಮರಿ ಪೇಪರ್ ಅಂಟಿಸಿ ಉಜ್ಜಿ. ಬೆರಳಿನಿಂದ ಒತ್ತಿ ಉಜ್ಜಿದರೆ ಹೊಸ ತಗ್ಗು ಬೀಳುತ್ತದೆ. ತಳ ಮತ್ತು ಹಿಂಬದಿ ಸೇರುವ ಅಂಚು ಚೂಪಾಗಿಯೇ ಇರಬೇಕು. ಅದು ಗುಂಡಗಿದ್ದರೆ ನೀರು ಬಿಟ್ಟುಹೋಗದೆ ಅಂಟಿಕೊಂಡು ಹಿಂದಕ್ಕೆ ಎಳೆಯುತ್ತದೆ.

ತಿರುಚಿದ ಹಲ್ ಸರಿ ಮಾಡುವುದು ಹೀಗೆ. ತೆಳು ಹಲ್ ಇನ್ನೂ ಬಾಗುತ್ತದೆ, ಅದೇ ನಿಮಗೆ ಅನುಕೂಲ. ಸಪಾಟು ಹಲಗೆ ಮೇಲೆ ಹಲ್ ಅನ್ನು ನೆಟ್ಟಗೆ ಕೂರಿಸಿ. ಮೂತಿ ಕಡೆ ಎದ್ದಿರುವ ಭಾಗಕ್ಕೆ ಬೆಣೆ ಕೊಡಿ. ಹಿಂಭಾಗದ ಎರಡೂ ಸ್ಪಾನ್ಸನ್ ಹಲಗೆಗೆ ಸಮವಾಗಿ ಕೂರುವವರೆಗೆ ಬೆಣೆ ಸರಿಸಿ, ಮಾಸ್ಕಿಂಗ್ ಟೇಪು ಮತ್ತು ಅಡ್ಡಪಟ್ಟಿ ಹಾಕಿ ಬಿಗಿ ಮಾಡಿ. ಹಲಗೆಗೆ ಮೊದಲೇ ಪ್ಲಾಸ್ಟಿಕ್ ಶೀಟ್ ಹೊದಿಸಿರಿ, ಇಲ್ಲದಿದ್ದರೆ ಹಲ್ ಅಲ್ಲೇ ಅಂಟಿಕೊಳ್ಳುತ್ತದೆ. ಇನ್ನು ಮುಂದೆ ಬಟ್ಟೆ ಹಾಸಿ ಒಣಗುವವರೆಗೂ ಹಲ್ ಇರುವುದು ಈ ಕಟ್ಟಿನಲ್ಲಿಯೇ. ಬಟ್ಟೆ ಒಣಗಿದ ಮೇಲೆ ಈ ನೇರವೇ ಉಳಿಯುತ್ತದೆ.

## ಹಂತ 4: ಬಟ್ಟೆ ಎಲ್ಲಿ, ಎಷ್ಟು

ಎಲ್ಲ ಕಡೆ ಹಾಸುವುದು ದೊಡ್ಡ ತಪ್ಪು. ಲೆಕ್ಕ ನೋಡಿ: ಚದರ ಮೀಟರಿಗೆ 160 ಗ್ರಾಂ ತೂಕದ ಬಟ್ಟೆ, ಅರ್ಧ ಚದರ ಮೀಟರ್ ಹಾಸಿದರೆ ಬಟ್ಟೆ 80 ಗ್ರಾಂ. ಕೈಯಲ್ಲಿ ಹಾಸುವಾಗ ರೆಸಿನ್ ಹೆಚ್ಚುಕಡಿಮೆ ಅಷ್ಟೇ ತೂಕ, ಇಲ್ಲವೇ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಒಂದು ಪದರಕ್ಕೇ 160ರಿಂದ 180 ಗ್ರಾಂ ಆಯಿತು. ಮೂರು ಪದರ ಸುಮ್ನೆ ಹಾಸಿದರೆ ಅರ್ಧ ಕಿಲೋ ಏರಿತು ಅಂತ ಲೆಕ್ಕ.

ಪೆಟ್ಟು ಬೀಳುವ ಜಾಗ ಮೂರು. ಮೊದಲನೆಯದು ಸ್ಪಾನ್ಸನ್ ತಳ, ಮುಖ್ಯವಾಗಿ ನಡುವಿನಿಂದ ಹಿಂದಕ್ಕೆ. ಎರಡನೆಯದು ಟನಲ್ ಛಾವಣಿ ಮತ್ತು ಸ್ಪಾನ್ಸನ್ ಒಳಗೋಡೆ ಸೇರುವ ಮೂಲೆ. ಒಂದು ಸ್ಪಾನ್ಸನ್ ಅಲೆಗೆ ಬಡಿದು ಇನ್ನೊಂದು ಗಾಳಿಯಲ್ಲಿದ್ದಾಗ ಇಡೀ ತಿರುಚು ಬೀಳುವುದು ಈ ಮೂಲೆಯ ಮೇಲೆ. ಮೂರನೆಯದು ಡೆಕ್ ಜೋಡು. ತಳ ಮತ್ತು ಮೂಲೆಗೆ ಒಂದು ಪದರ ಸಾಕು. ಜೋಡಿಗೆ 4 ಸೆಂ.ಮೀ ಅಗಲದ ಪಟ್ಟಿ. ತಿರುಚು ತಡೆಯಬೇಕಾದ್ದರಿಂದ ಬಟ್ಟೆಯ ಎಳೆಗಳು ದೋಣಿಯ ಉದ್ದಕ್ಕೆ 45 ಡಿಗ್ರಿ ಓರೆಯಾಗಿ ಬರುವಂತೆ ಕತ್ತರಿಸಿ. ಹಾಗೆ ಕತ್ತರಿಸಿದ ಬಟ್ಟೆ ಮೂಲೆಯಲ್ಲೂ ಸಲೀಸಾಗಿ ಕೂರುತ್ತದೆ.

ಗ್ಲಾಸ್, ಕಾರ್ಬನ್, ಕೆವ್ಲಾರ್ ಈ ಮೂರು ನಾರಿನ ಬಟ್ಟೆಗಳಲ್ಲಿ ಯಾವುದು? ಮೊದಲ ದೋಣಿಗೆ ಗ್ಲಾಸ್ ಬಟ್ಟೆ ಅಂತಲೇ ನನ್ನ ಸಲಹೆ. ನೆನೆದಾಗ ಅದು ಪಾರದರ್ಶಕವಾಗುತ್ತದೆ, ತಪ್ಪು ಕಣ್ಣಿಗೆ ಕಾಣುತ್ತದೆ. ಕಾರ್ಬನ್ ಹೆಚ್ಚು ಬಿಗಿ, ತೂಕಕ್ಕೆ ಹೋಲಿಸಿದರೂ ಬಿಗಿತನ ಅದರಲ್ಲೇ ಜಾಸ್ತಿ. ಆದರೆ ಕಾರ್ಬನ್ ವಿದ್ಯುತ್ ಹರಿಸುತ್ತದೆ, 2.4 ಗಿಗಾಹರ್ಟ್ಸ್ ರೇಡಿಯೋ ಸಿಗ್ನಲ್ ತಡೆಯುತ್ತದೆ. ರಿಸೀವರ್ ಆಂಟೆನಾ ಕಾರ್ಬನ್ ಒಳಗೆ ಮುಚ್ಚಿಹೋದರೆ ದೋಣಿ ದೂರ ಹೋದಾಗ ಕಂಟ್ರೋಲ್ ತಪ್ಪುತ್ತದೆ. ಕಾರ್ಬನ್ ಹಾಕಿದರೆ ಡೆಕ್ ಅನ್ನು ಬಿಡಿ, ಆಂಟೆನಾವನ್ನು ಪ್ಲಾಸ್ಟಿಕ್ ನಳಿಗೆಯಲ್ಲಿ ಡೆಕ್ ಮೇಲಕ್ಕೆ ನೆಟ್ಟಗೆ ತನ್ನಿ. ಅಳಿವೆಯ ಉಪ್ಪುನೀರಿನಲ್ಲಿ ಓಡಿಸುವವರು ಕಾರ್ಬನ್‌ಗೆ ಅಲ್ಯೂಮಿನಿಯಂ ನೇರವಾಗಿ ತಾಗದಂತೆ ನಡುವೆ ಒಂದು ಗ್ಲಾಸ್ ಪದರ ಕೊಡಿ, ಇಲ್ಲದಿದ್ದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಕೆವ್ಲಾರ್ ಕಲ್ಲಿಗೆ ಬಡಿದರೂ ಚೂರಾಗುವುದಿಲ್ಲ. ಆದರೆ ಉಜ್ಜಿದರೆ ನಾರು ಏಳುತ್ತದೆ, ಸಾಮಾನ್ಯ ಕತ್ತರಿಗೆ ಬಗ್ಗುವುದೂ ಇಲ್ಲ.

ಬಟ್ಟೆ ಕತ್ತರಿಸುವ ಮುಂಚೆ ಹಳೆ ಪೇಪರ್ ಒತ್ತಿ ಅಳತೆ ತೆಗೆಯಿರಿ. ಎಡಕ್ಕೆ ಕತ್ತರಿಸಿದ್ದನ್ನೇ ಮಗುಚಿ ಬಲಕ್ಕೆ ಕತ್ತರಿಸಿ. ಎರಡೂ ಕಡೆಯ ತೂಕ ಒಂದೇ ಇರಬೇಕು, ಅಲ್ವಾ?

## ಹಂತ 5: ಒಳಮೈ ಉಜ್ಜುವುದು

ಮೊದಲು ಪಾತ್ರೆ ಸೋಪು ಹಾಕಿ ತೊಳೆದು ಒಣಗಿಸಿ. ತೊಳೆಯದೆ ಉಜ್ಜಿದರೆ ಮೇಲಿರುವ ಮೇಣ, ಎಣ್ಣೆಯ ಪಸೆ ಗೀರುಗಳ ಒಳಕ್ಕೆ ಹೋಗಿ ಕೂರುತ್ತದೆ. ಆಮೇಲೆ 80 ನಂಬರಿನಿಂದ ಉಜ್ಜಿ. ಎಲ್ಲಿಯೂ ಹೊಳಪು ಉಳಿಯಬಾರದು. ಟಾರ್ಚ್ ಓರೆಯಾಗಿ ಹಿಡಿದು ನೋಡಿ, ಹೊಳೆಯುವ ಜಾಗವೆಲ್ಲ ನಾಳೆ ಬಟ್ಟೆ ಬಿಟ್ಟುಬರುವ ಜಾಗ. ಧೂಳು ತೆಗೆದು, ಬಿಳಿ ಬಟ್ಟೆಯಲ್ಲಿ ಅಸಿಟೋನ್ ಹಾಕಿ ಒರೆಸಿ. ಬಟ್ಟೆಗೆ ಬಣ್ಣ ಹತ್ತುವುದು ನಿಲ್ಲುವವರೆಗೆ ಒರೆಸಬೇಕು. ಒರೆಸಿದ ಮೇಲೆ ಬರಿಗೈ ತಾಗಿಸಬೇಡಿ. ಅಸಿಟೋನ್ ಹತ್ತಿರ ಬೆಂಕಿ ಬೇಡ, ಕಿಟಕಿ ತೆರೆದಿರಲಿ.

## ಹಂತ 6: ರೆಸಿನ್ ಕಲಸಿ ಬಟ್ಟೆ ಹಾಸುವುದು

1. ಒಂದು ಸಲಕ್ಕೆ 60ರಿಂದ 80 ಗ್ರಾಂ ಮಾತ್ರ ಕಲಸಿ. ಎಪಾಕ್ಸಿ ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಲೋಟದಲ್ಲಿ ಜಾಸ್ತಿ ಇದ್ದರೆ ಆ ಬಿಸಿಗೆ ಇನ್ನೂ ಬೇಗ ಗಟ್ಟಿಯಾಗಿ ಹೊಗೆ ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಗ್ಗೆ ಬೇಗ ಕೆಲಸ ಮಾಡಿ. ಲೋಟ ಬೆಚ್ಚಗಾದರೆ ಅದನ್ನು ಹೊರಗೆ ಇಟ್ಟು ಹೊಸದು ಕಲಸಿ. ಎಳೆದು ಹಚ್ಚಲು ಹೋಗಬೇಡಿ.

2. ತೂಗಿ ಹಾಕಿ, ಕಣ್ಣಂದಾಜು ಬೇಡ. ಬೇಗ ಒಣಗಲಿ ಅಂತ ಹಾರ್ಡ್‌ನರ್ ಜಾಸ್ತಿ ಹಾಕುವವರಿದ್ದಾರೆ. ಎಪಾಕ್ಸಿಯಲ್ಲಿ ಆ ಲೆಕ್ಕ ನಡೆಯುವುದಿಲ್ಲ, ಜಾಸ್ತಿಯಾದದ್ದು ಹಾಗೇ ಉಳಿದು ರೆಸಿನ್ ಮೆತ್ತಗಾಗುತ್ತದೆ. ಎರಡು ನಿಮಿಷ ಕಲಸಿ, ಲೋಟದ ಗೋಡೆ ಮತ್ತು ತಳ ಕೆರೆದು ಮತ್ತೆ ಕಲಸಿ.

3. ಸ್ವಲ್ಪ ರೆಸಿನ್‌ಗೆ ಏರೋಸಿಲ್ (ರೆಸಿನ್ ಮಂದ ಮಾಡುವ ಸಿಲಿಕಾ) ಪುಡಿ ಬೆರೆಸಿ ಗಟ್ಟಿ ಚಟ್ನಿಯ ಹದಕ್ಕೆ ತನ್ನಿ. ಪುಡಿ ಬಹಳ ಹಗುರ, ಮಾಸ್ಕ್ ಹಾಕಿಕೊಳ್ಳಿ. ಮೂಲೆಗಳಿಗೆ ಇದನ್ನು ಹಚ್ಚಿ ಬೆರಳಿನಲ್ಲಿ ಎಳೆದು ಗುಂಡಗೆ ಮಾಡಿ. ಬಟ್ಟೆ ಚೂಪು ಮೂಲೆಗೆ ಕೂರುವುದಿಲ್ಲ, ಅಡಿಯಲ್ಲಿ ಗಾಳಿ ಉಳಿಯುತ್ತದೆ.

4. ಮೊದಲು ಹಲ್‌ಗೆ ತೆಳುವಾಗಿ ರೆಸಿನ್ ಹಚ್ಚಿ, ಆಮೇಲೆ ಬಟ್ಟೆ ಇಡಿ. ಬ್ರಶ್ ಅನ್ನು ಕುಟ್ಟುತ್ತಾ ಹೋಗಿ, ಎಳೆದರೆ ನೇಯ್ಗೆ ಜಾರುತ್ತದೆ. ಆಳದ ಸ್ಪಾನ್ಸನ್‌ಗಾದರೆ ಬಟ್ಟೆಯನ್ನು ಹೊರಗೆ ಪ್ಲಾಸ್ಟಿಕ್ ಶೀಟ್ ಮೇಲೆ ನೆನೆಸಿ, ಸುತ್ತಿ ಒಳಗಿಳಿಸಿ ಬಿಚ್ಚಿ. ಬ್ರಶ್‌ಗೆ ಕಡ್ಡಿ ಕಟ್ಟಿಕೊಂಡರೆ ಮೂತಿವರೆಗೂ ತಲುಪುತ್ತದೆ.

5. ಕಾರ್ಡಿನಿಂದ ಹೆಚ್ಚಿನ ರೆಸಿನ್ ಎಳೆದು ತೆಗೆಯಿರಿ. ಬಿಳಿ ಚುಕ್ಕೆ ಕಂಡರೆ ಅಲ್ಲಿ ರೆಸಿನ್ ಸಾಲದು. ಕನ್ನಡಿಯಂತೆ ಹೊಳೆದರೆ ಜಾಸ್ತಿಯಾಗಿದೆ. ನೇಯ್ಗೆ ಸ್ಪಷ್ಟವಾಗಿ ಕಾಣುತ್ತಾ ಒದ್ದೆಯಾಗಿದ್ದರೆ ಸರಿ. ಅರ್ಧ ಗಂಟೆ ಬಿಟ್ಟು ಸ್ಪಾನ್ಸನ್ ತಳದಲ್ಲಿ ರೆಸಿನ್ ಕೂತಿದೆಯಾ ನೋಡಿ, ಬಟ್ಟೆ ತುಂಡಿನಲ್ಲಿ ಹೀರಿ ತೆಗೆಯಿರಿ.

ಕಟ್ಟು ಬಿಚ್ಚುವ ಮುಂಚೆ 24 ಗಂಟೆ ಕಾಯಿರಿ. ಮಳೆಗಾಲದಲ್ಲಿ ಒಣಗಿದ ಮೇಲೆ ಮೈ ಅಂಟಂಟಾಗಿ, ಮೇಣ ಸವರಿದಂತೆ ಇರಬಹುದು. ಗಾಳಿಯ ತೇವದಿಂದ ಹಾಗಾಗುತ್ತದೆ. ಬೆಚ್ಚಗಿನ ನೀರು ಹಾಕಿ ತಿಕ್ಕಿ ತೊಳೆದು, ಒಣಗಿಸಿ, ಉಜ್ಜಿದ ಮೇಲೆಯೇ ಮುಂದಿನ ಅಂಟು. ಕಟ್ಟು ಬಿಚ್ಚಿದ ಮೇಲೆ ಪಟ್ಟಿ ಇಟ್ಟು ಮತ್ತೊಮ್ಮೆ ನೇರ ನೋಡಿ, ತೂಗಿ ಬರೆಯಿರಿ. ಒಂದು ಪದರಕ್ಕೆ 250 ಗ್ರಾಂ ಏರಿದ್ದರೆ ಮುಂದಿನ ಸಲ ರೆಸಿನ್ ಕಡಿಮೆ ಹಾಕಿ.

## ಹಂತ 7: ಟ್ರಾನ್ಸಮ್ ಮತ್ತು ಮೋಟರ್ ಹಳಿ

ಸ್ಟ್ರಟ್ (ಪ್ರೊಪೆಲರ್ ದಂಡ ಹಿಡಿಯುವ ಭಾಗ), ರಡ್ಡರ್ ಎರಡೂ ಕೂರುವುದು ಹಿಂಬದಿಯ ಗೋಡೆ ಮೇಲೆ, ಅಂದರೆ ಟ್ರಾನ್ಸಮ್ ಮೇಲೆ. ಬರೀ ಫೈಬರ್‌ಗೆ ಬೋಲ್ಟ್ ಹಾಕಿದರೆ ತೂತು ಅಗಲವಾಗುತ್ತಾ ಹೋಗುತ್ತದೆ. ಒಳಗಡೆ 4ರಿಂದ 6 ಮಿ.ಮೀ ಪ್ಲೈವುಡ್ ಅಂಟಿಸಿ, ಮೇಲೆ ಒಂದು ಪದರ ಬಟ್ಟೆ ಹಾಸಿ.

ತೂತು ಕೊರೆಯುವಾಗ ಹೀಗೆ ಮಾಡಿ. 4 ಮಿ.ಮೀ ಬೋಲ್ಟ್‌ಗೆ ಮೊದಲು 7 ಮಿ.ಮೀ ತೂತು ಕೊರೆದು ಅದನ್ನು ಗಟ್ಟಿ ಎಪಾಕ್ಸಿಯಿಂದ ತುಂಬಿ. ಒಣಗಿದ ಮೇಲೆ ಅದರ ನಡುವೆ 4 ಮಿ.ಮೀ ಕೊರೆಯಿರಿ. ಆಗ ನೀರು ಪ್ಲೈವುಡ್ ಮುಟ್ಟುವುದೇ ಇಲ್ಲ. ಒಳಗೆ ಅಗಲ ವಾಷರ್ ಹಾಕಲೇಬೇಕು.

ಮೋಟರ್ ಹಳಿಗಳನ್ನು, ಅಂದರೆ ಮೋಟರ್ ಕೂರುವ ಪಟ್ಟಿಗಳನ್ನು, ಅಂಟಿಸುವ ಮುಂಚೆ ಎಲ್ಲ ಸಾಮಾನು ಒಣದಾಗಿ ಇಟ್ಟು ತೂಕದ ನಡುಬಿಂದು ನೋಡಿ. ಹಿಂಬದಿಯಿಂದ ಹಲ್ ಉದ್ದದ ಸುಮಾರು 30 ಶೇಕಡಾ ದೂರದಲ್ಲಿ ಬರಬೇಕು. 95 ಸೆಂ.ಮೀ ಹಲ್‌ಗೆ ಅದು 28 ಸೆಂ.ಮೀ ಹತ್ತಿರ. ಬ್ಯಾಟರಿ ಹಿಂದೆ ಮುಂದೆ ಸರಿಸಲು ಜಾಗ ಬಿಟ್ಟಿರಿ. ಅಡ್ಡಗೋಡೆ ಹಾಕುವುದಾದರೆ ಅದರ ಅಂಚು ತಳಕ್ಕೆ ಒತ್ತಬಾರದು. ಒಂದೆರಡು ಮಿ.ಮೀ ಸಂದು ಬಿಟ್ಟು ಪುಟ್ಟಿ ತುಂಬಿ. ಬಿಗಿಯಾಗಿ ತುರುಕಿದರೆ ಹೊರಗಡೆ ಗೆರೆ ಮೂಡುತ್ತದೆ, ಅಲ್ಲೇ ಬಿರುಕು ಶುರುವಾಗುತ್ತದೆ.

## ಹಂತ 8: ತೇಲುವ ಫೋಮ್

ನೀರು ತುಂಬಿದರೂ ದೋಣಿ ಮುಳುಗದಂತೆ ಒಳಗೆ ಫೋಮ್ ತುಂಬಬೇಕು. ಒಂದು ಲೀಟರ್ ಫೋಮ್ ಹತ್ತಿರಹತ್ತಿರ ಒಂದು ಕಿಲೋ ಎತ್ತುತ್ತದೆ. ಮೂರೂವರೆ ಕಿಲೋ ದೋಣಿಗೆ ಮೂರೂವರೆ ಲೀಟರ್ ಹಾಕಿದರೆ ಚಿಂತೆ ಇಲ್ಲ. ಎರಡೂ ಸ್ಪಾನ್ಸನ್ ಮೂತಿಗೆ ಸಮನಾಗಿ ತುಂಬಿ, ಉಳಿದದ್ದನ್ನು ಪಕ್ಕಗಳಿಗೆ ಕೊಡಿ. ಈಜುಕೊಳದಲ್ಲಿ ಮಕ್ಕಳು ಹಿಡಿದುಕೊಳ್ಳುವ ಫೋಮ್ ಕೋಲು ಇದಕ್ಕೆ ಬಹಳ ಒಳ್ಳೆಯದು. ಸ್ಪ್ರೇ ಡಬ್ಬಿಯ ಪಿಯು (ಪಾಲಿಯುರೆಥೇನ್) ಫೋಮ್ ಬೇಡವೇ ಬೇಡ. ಅದು ಉಬ್ಬುವಾಗ ನೀವು ಕಷ್ಟಪಟ್ಟು ನೇರ ಮಾಡಿದ ತಳವನ್ನು ಹೊರಕ್ಕೆ ತಳ್ಳುತ್ತದೆ. ಮುಚ್ಚಿದ ಜಾಗದಲ್ಲಿ ಒಳಗೊಳಗೇ ಹಸಿಯಾಗಿ ಉಳಿಯುತ್ತದೆ.

## ಹಂತ 9: ನೀರಿಗೆ ಇಳಿಸುವುದು

ಮೊದಲು ಮನೆಯ ನೀರಿನ ತೊಟ್ಟಿ. ಎಲೆಕ್ಟ್ರಾನಿಕ್ಸ್ ಹಾಕದೆ, ಅಷ್ಟೇ ತೂಕದ ಕಲ್ಲು ಅಥವಾ ಬೋಲ್ಟುಗಳನ್ನು ಕಟ್ಟಿ, ಹ್ಯಾಚ್ ತೆರೆದು ಪೂರ್ತಿ ನೀರು ತುಂಬಿಸಿ. ತೇಲಬೇಕು, ಸಮನಾಗಿ ತೇಲಬೇಕು.

ಕೆರೆಯಲ್ಲಿ ಮೊದಲ ಓಟ ಅರ್ಧ ಥ್ರಾಟಲ್‌ನಲ್ಲಿ, ಎರಡು ನಿಮಿಷ. ಹ್ಯಾಚ್ ಸುತ್ತ ಟೇಪ್ ಹಾಕಿರಿ. ದಡಕ್ಕೆ ತಂದ ಕೂಡಲೇ ಮೊದಲು ಬ್ಯಾಟರಿ ಬಿಚ್ಚಿ, ಆಮೇಲೆ ಒಳಗೆ ಕೈ ಹಾಕಿ. ನೀರು ಇದ್ದರೆ ಎಲ್ಲಿಂದ ಬಂತು ಹುಡುಕಿ. ಹೊರಗಿನ ಬಣ್ಣದ ಪದರದಲ್ಲಿ ಕೂದಲೆಳೆಯಂಥ ಬಿಳಿ ಗೆರೆ ಕಂಡರೆ ಆ ಜಾಗ ಜಾಸ್ತಿ ಬಾಗುತ್ತಿದೆ ಅಂತ. ಒಳಗಡೆ ಅಲ್ಲಿಗೆ ಒಂದು ಪಟ್ಟಿ ಸೇರಿಸಿ. ಮೋಟರ್ ಹಳಿಯ ಸ್ಕ್ರೂ ಸುತ್ತ ಪುಡಿ ಉದುರಿದ್ದರೆ ಹಳಿ ಅಲ್ಲಾಡುತ್ತಿದೆ. ಟ್ರಾನ್ಸಮ್ ಬೋಲ್ಟುಗಳನ್ನು ಮೊದಲ ಮೂರ್ನಾಲ್ಕು ಓಟಗಳಲ್ಲಿ ಪ್ರತಿ ಓಟದ ನಂತರ ಬಿಗಿ ಮಾಡಿ ನೋಡಿ. ಇಷ್ಟೆಲ್ಲ ಸರಿ ಇದ್ದ ಮೇಲೆಯೇ ಫುಲ್ ಥ್ರಾಟಲ್.

ಓಡಿಸಿ ಬಂದ ಮೇಲೆ ಹ್ಯಾಚ್ ತೆರೆದು ಒಣಗಿಸಿ, ನೆರಳಿನಲ್ಲಿ ಇಡಿ. ಸಾಮಾನ್ಯ ಉಷ್ಣಾಂಶದಲ್ಲಿ ಒಣಗಿಸಿದ ಎಪಾಕ್ಸಿ ಸುಮಾರು 50ರಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗಲು ಶುರುವಾಗುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಕಪ್ಪು ಬಣ್ಣದ ಹಲ್ ಅಷ್ಟು ಸುಲಭವಾಗಿ ಬಿಸಿಯಾಗುತ್ತದೆ. ಡಿಕ್ಕಿಯಲ್ಲಿ ಓರೆಯಾಗಿ ಒರಗಿಸಿಟ್ಟರೆ ಹಾಗೇ ತಿರುಚಿಕೊಂಡು ತಣ್ಣಗಾಗುತ್ತದೆ. ತಳದ ಆಕಾರಕ್ಕೆ ಕತ್ತರಿಸಿದ ಎರಡು ಫೋಮ್ ತುಂಡುಗಳ ಮೇಲೆ ಕೂರಿಸಿ, ಮೇಲೆ ಬಿಳಿ ಬಟ್ಟೆ ಹೊದಿಸಿ ಕೊಂಡೊಯ್ಯಿರಿ.